ರಿವರ್ಸ್ ಗೇರಿನಲ್ಲಿ ಏರಿದ ವ್ಯಾನು

ಪುರಸಭೆಯವರು ನಮ್ಮ ವ್ಯಾನಿನ ಡೀಸೆಲ್ ಎಂಜಿನ್ನನ್ನು ಬಿಚ್ಚಿಕೊಂಡು ಹೋದರು. ಅದರ ಜಾಗದಲ್ಲಿ ಯಾವುದೋ ಹಳೆಯ ಕಾರಿನ ಪೆಟ್ರೋಲ್ ಎಂಜಿನ್ ಕೂರಿಸಿದರು. ಕಾಗದದಲ್ಲಿ ‘ದುರಸ್ತಿ’ ಎಂದು ಬರೆದರು.

ಷೆಡ್ಡಿಗೆ ಹೋಗಿದ್ದ ವ್ಯಾನು ಎಂಟು ದಿನದ ಮೇಲೆ ಮರಳಿ ಬಂದ ಆ ಬೆಳಗು ನನ್ನ ನೆನಪಿನಲ್ಲಿ ಉಳಿದಿರುವುದು ಅದರ ದೀಪಗಳಿಂದ. ಮಬ್ಬು ಇನ್ನೂ ಹರಿದಿರಲಿಲ್ಲ. ಕೇರಿಯ ಬಾಯಿಗೆ, ಬೇವಿನ ಮರದ ಕೆಳಗೆ, ನಾವು ಹದಿನೆಂಟು ಮಂದಿ ಹೆಂಗಸರು ಪೊರಕೆ ಬುಟ್ಟಿ ಹಿಡಿದು ನಿಂತಿದ್ದೆವು. ಮೊದಲೆಲ್ಲ ವ್ಯಾನಿನ ಬೆಳಕು ರಸ್ತೆಯ ಕಲ್ಲುಗಳನ್ನು ಒಂದೊಂದಾಗಿ ತೋರಿಸುತ್ತ ಬಂದು ನಮ್ಮ ಕಾಲಬುಡದಲ್ಲಿ ನಿಲ್ಲುತ್ತಿತ್ತು. ಅಂದು ಅದು ನಮ್ಮ ತಲೆಯ ಮೇಲಿಂದ ಹಾದು ಮರದ ನೆತ್ತಿಗೆ ಬಡಿಯಿತು. ಬೆಳಗಾಯಿತೆಂದು ತಿಳಿದು ಕಾಗೆಗಳು ಎದ್ದು ಕೂಗಾಡತೊಡಗಿದವು. ವ್ಯಾನು ಮೂತಿ ಮೇಲೆತ್ತಿಕೊಂಡು, ಸದ್ದೇ ಇಲ್ಲದೆ ಬಂದು ನಿಂತಿತು.

“ಏನಪಾ ಮೌಲಾಸಾಬಣ್ಣ, ಎಂಟು ದಿನಕ್ಕ ನಿನ್ನ ಗಾಡಿಗೆ ಇಷ್ಟು ಸೊಕ್ಕು ಬಂತಾ?” ಎಂದಳು ಗಾಳೆವ್ವ. ನಮ್ಮಲ್ಲೆಲ್ಲ ದೊಡ್ಡ ಮೈಯವಳು, ದೊಡ್ಡ ನಗೆಯವಳು.

ಡ್ರೈವರ್ ಮೌಲಾಸಾಬ ನಗಲಿಲ್ಲ. ಕೆಳಗಿಳಿದು ಮುಂದಿನ ಗಾಲಿಯ ಮೇಲಿನ ಕಬ್ಬಿಣದ ಸ್ಪ್ರಿಂಗ್ ಪಟ್ಟಿಗಳನ್ನು ತೋರಿಸಿದ. “ಡೀಸೆಲ್ ಎಂಜಿನ್ ಭಾರ ಇತ್ತವ್ವ. ಆ ಭಾರಕ್ಕ ಅಳತಿ ಮಾಡಿ ಹಾಕಿದ ಪಟ್ಟಿ ಇವು. ಈಗ ಬಂದು ಕುಂತಿದ್ದು ಹಗುರ. ಪಟ್ಟಿ ಎದ್ದು ನಿಂತಾವ.”

ಹುಲಿಗೆವ್ವ ಎಲ್ಲರಿಗಿಂತ ಮೊದಲು ಹತ್ತಿದಳು. ಅವಳ ಜಾಗ ಗೊತ್ತಿದ್ದದ್ದೇ. ಆ ವ್ಯಾನಿನಲ್ಲಿ ಎಂಜಿನ್ ಇದ್ದದ್ದು ಮುಂದಿನ ಎರಡು ಸೀಟುಗಳ ನಡುವೆ. ಅದರ ಮೇಲೊಂದು ತಗಡಿನ ಮುಚ್ಚಳ, ಮುಚ್ಚಳದ ಮೇಲೆ ಮಡಿಸಿದ ಗೋಣಿಚೀಲ. ಹುಲಿಗೆವ್ವನ ಎರಡೂ ಮಂಡಿಗಳು ಕೆಟ್ಟಿದ್ದವು. ಆ ಎಂಜಿನ್ನಿನ ಕಾವೇ ಅವುಗಳಿಗೆ ಔಷಧಿ. ಹನ್ನೊಂದು ವರ್ಷ ಅವಳು ಅದರ ಮೇಲೆ ಕೂತು ಗುಡಿಸಲು ಹೋಗಿದ್ದಳು. ಅಂದು ಕೂತವಳು ಅಂಗೈಯನ್ನು ಮುಚ್ಚಳದ ಮೇಲಿಟ್ಟಳು.

“ಇದರ ಎದಿ ಭಾಳ ಲಗೂ ಬಡಕೊಂತೈತಿ ಮೌಲಾ,” ಎಂದಳು. “ಇದು ನಮ್ಮದಲ್ಲ.”

ನಮ್ಮ ಹಾಜರಿಯ ವಿಷಯ ಇಲ್ಲಿ ಹೇಳಬೇಕು. ಊರಿನ ಕೊಳಕು ಬಾಚುವವರು ಊರ ಕೆಳಗಿದ್ದೆವು. ಊರಿನ ದೊಡ್ಡ ಮನೆಗಳು ಕೋಟೆದಿಬ್ಬದ ಮೇಲಿದ್ದವು. ದಿಬ್ಬದ ಮೇಲಿನ ವಾರ್ಡ್ ಕಚೇರಿಯಲ್ಲಿ ದಫೇದಾರ ಈರನಗೌಡ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದ. ಹೆಸರು ಬಂದವಳು ತನ್ನ ಬಾಯಿಂದಲೇ ‘ಓ’ ಎನ್ನಬೇಕು. ಆರರ ಸೈರನ್ ನಿಂತ ಮೇಲೆ ಬಂದವಳಿಗೆ ಆ ದಿನ ಗೈರು. ಆ ಕಾಲಕ್ಕೆ ಒಂದು ಹೊಸ ಆದೇಶ ಬಂದಿತ್ತು: ಮೂರು ವರ್ಷ ಒಂದು ಗೈರೂ ಇಲ್ಲದೆ ದುಡಿದವರು ಖಾಯಂ. ನಡುವೆ ಒಂದೇ ಒಂದು ದಿನ ತಪ್ಪಿದರೂ ಲೆಕ್ಕ ಮತ್ತೆ ಮೊದಲಿನಿಂದ. ಹುಲಿಗೆವ್ವ ಪೊರಕೆ ಹಿಡಿದು ಇಪ್ಪತ್ತೆರಡು ವರ್ಷವಾಗಿತ್ತು. ಕಾಗದದ ಮೇಲೆ ಅವಳು ದಿನಗೂಲಿಯವಳು. ಹೊಸ ಆದೇಶ ಬಂದಂದಿನಿಂದ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಪ್ರತಿ ಬೆಳಗು ಎಲೆಯಡಿಕೆಗೆ ಸುಣ್ಣ ಹಚ್ಚಿದ ಬೆರಳನ್ನು ವ್ಯಾನಿನಲ್ಲಿ ತನ್ನ ತಲೆಯ ಮೇಲಿನ ತಗಡಿಗೆ ಒತ್ತುತ್ತಿದ್ದಳು. ದಿನಕ್ಕೊಂದು ಬಿಳಿ ಚುಕ್ಕೆ. ವ್ಯಾನು ಷೆಡ್ಡಿನಲ್ಲಿದ್ದ ಎಂಟು ದಿನವೂ ನಾನು ಮತ್ತು ಗಾಳೆವ್ವ ಅವಳ ರಟ್ಟೆ ಹಿಡಿದು, ಕೋಳಿ ಕೂಗುವ ಮುಂಚೆ ಹೊರಟು, ನಾಲ್ಕು ಮೈಲಿ ನಡೆಸಿಕೊಂಡು ಹೋಗಿದ್ದೆವು. ಮಂಡಿಗಳು ಕುಂಬಳಕಾಯಿಯಾಗಿದ್ದವು. ಅಂದು ವ್ಯಾನು ಹತ್ತಿದ ಕೂಡಲೇ ಅವಳು ಎಂಟೂ ಚುಕ್ಕೆಗಳನ್ನು ಒಟ್ಟಿಗೆ ಇಟ್ಟಳು. ಮೂರು ವರ್ಷ ತುಂಬಲು ಇನ್ನು ಐದು ತಿಂಗಳು ಬಾಕಿಯಿತ್ತು.

ಬಯಲು ರಸ್ತೆಯಲ್ಲಿ ವ್ಯಾನು ಹಾರಿತು. ಸುಳ್ಳಲ್ಲ, ನಮಗೆಲ್ಲ ಹಿಗ್ಗಾಯಿತು. ಡೀಸೆಲ್ ಎಂಜಿನ್ನಿದ್ದಾಗ ತಗಡು, ಬುಟ್ಟಿ, ಬಳೆ, ಹಲ್ಲು ಎಲ್ಲ ಒಟ್ಟಿಗೆ ಕಟಕಟ ಎನ್ನುತ್ತಿದ್ದವು. ಪಕ್ಕದವಳೊಡನೆ ಮಾತಾಡಬೇಕಾದರೆ ಕೈಸನ್ನೆ ಮಾಡಬೇಕಿತ್ತು. ಈಗ ಹೊಲಿಗೆ ಯಂತ್ರದಂಥ ಸಣ್ಣ ಸದ್ದು.

“ಯವ್ವಾ, ಮದುವಿ ಕಾರಿನ್ಯಾಗ ಕುಂತಂಗ ಆಗಾಕತ್ತೈತಿ,” ಎಂದಳು ಗಾಳೆವ್ವ.

“ಹೌದೌದು. ಮದಲಗಿತ್ತಿ ಮಾತ್ರ ಮೂರು ಮಂದಿ ಜಾಗ ಹಿಡದಾಳ,” ಎಂದು ಹಿಂದಿನಿಂದ ಯಾರೋ ಅಂದರು.

ಆ ನಗು ದಿಬ್ಬದ ಬುಡಕ್ಕೆ ಬರುತ್ತಲೇ ನಿಂತಿತು. ಮೌಲಾಸಾಬ ಓಡಿಸಿಕೊಂಡೇ ಬಂದು ಏರಿಗೆ ನುಗ್ಗಿದ. ಎರಡನೆಯ ಗೇರಿಗೆ ಎಂಜಿನ್ ಚೀರಿತು, ಒಂದನೆಯದಕ್ಕೆ ಮುಲುಗಿತು. ಅರ್ಧ ಏರಿನ ತಿರುವಿನಲ್ಲಿ ವ್ಯಾನು ನಿಂತೇಬಿಟ್ಟಿತು. ಗೋಣಿಚೀಲದ ಸಂದಿಯಿಂದ ಹಬೆ ಎದ್ದು ಹುಲಿಗೆವ್ವ ಮಂಜಿನಲ್ಲಿ ಕೂತ ದೇವರಂತೆ ಕಂಡಳು. ನಾವು ಹದಿನೇಳು ಮಂದಿ ಇಳಿದು, ಹೆಗಲು ಕೊಟ್ಟು, ಸೆರಗು ಹರಿದುಕೊಂಡು ತಳ್ಳಿದೆವು. ಸೈರನ್ನಿನ ಕೊನೆಯ ಎಳೆ ಇನ್ನೂ ಗಾಳಿಯಲ್ಲಿದ್ದಾಗ ವಾರ್ಡ್ ಕಚೇರಿಯ ಗೇಟಿನಿಂದಲೇ ಹುಲಿಗೆವ್ವ ‘ಓ’ ಎಂದಳು. ದಫೇದಾರ ಪೆನ್ನಿನ ಮುಚ್ಚಳ ಹಾಕಿ ನಮ್ಮನ್ನೇ ನೋಡುತ್ತ ನಿಂತಿದ್ದ.

ಆ ಸಂಜೆ ಮೌಲಾಸಾಬ ಮುಚ್ಚಳ ಎತ್ತಿ ಎಲ್ಲರಿಗೂ ತೋರಿಸಿದ. ಹಳೆಯ ಗೇರ್ ಬಾಕ್ಸಿಗೆ ಹೊಸ ಎಂಜಿನ್ ಕೂರಲೆಂದು ನಡುವೆ ಒಂದು ಕಬ್ಬಿಣದ ತಟ್ಟೆ ಕೊರೆದು ಹೊಂದಿಸಿದ್ದರು. “ನೋಡ್ರವ್ವ, ಡೀಸೆಲ್ಲು ಅಂದ್ರ ಎತ್ತು. ಓಡಂಗಿಲ್ಲ. ನಿಧಾನಕ್ಕ ನಡದ್ರೂ ಕುತಿಗಿ ಕೊಟ್ಟು ಎಳೀತೈತಿ. ಪೆಟ್ರೋಲು ಕುದುರಿ. ಓಡುವಾಗ ಮಾತ್ರ ಅದಕ್ಕ ಕಸುವು. ಗೇರು, ಹಿಂದಿನ ಗಾಲಿ ಹಲ್ಲು, ಎಲ್ಲಾ ಎತ್ತಿನ ಹೆಜ್ಜಿಗೆ ಅಳತಿ ಮಾಡಿದ್ವು. ಎತ್ತಿನ ನೊಗ ತಂದು ಕುದುರಿ ಹೆಗಲಿಗೆ ಇಟ್ಟಾರ. ಕುದುರೀದು ಏನು ತಪ್ಪೈತಿ?”

“ಎತ್ತು ಎಲ್ಲಿ ಹೋತು ಮತ್ತ?” ಎಂದಳು ಹುಲಿಗೆವ್ವ.

“ಕೆಟ್ಟಿತ್ತು, ಗುಜರಿಗೆ ಹಾಕಿದ್ವಿ ಅಂದ್ರು.”

“ಕೆಟ್ಟಿತ್ತಾ? ನನ್ನ ಬುಡಕಿದ್ದದ್ದು ಕೆಟ್ಟಿದ್ರ ನನಗ ಗೊತ್ತಾಗ್ತಿದ್ದಿಲ್ಲನು?”

ಮುಂದಿನ ದಿನಗಳಲ್ಲಿ ನಾವು ಮಾಡದ ಉಪಾಯವಿಲ್ಲ. ದಪ್ಪಗಿರುವವರು ಏರಿನ ಬುಡದಲ್ಲೇ ಇಳಿಯಬೇಕು ಎಂದ ಮೌಲಾಸಾಬ. ಯಾರೂ ಏಳಲಿಲ್ಲ. ಗಾಳೆವ್ವ ಎದ್ದು, “ಆತಪಾ, ನಾನು ಇಳೀತೀನಿ, ಇವರೆಲ್ಲ ನಾರಿನಂಗ ಅದಾರ,” ಎಂದಾಗ ನಾಚಿಕೆಯಾಗಿ, ಹುಲಿಗೆವ್ವನೊಬ್ಬಳನ್ನು ಬಿಟ್ಟು, ಎಲ್ಲರೂ ಇಳಿದೆವು. ಹಗುರಾದ ವ್ಯಾನು ಮುಸುಮುಸು ಎನ್ನುತ್ತ ಏರಿತು, ನಾವು ಓಡಿದೆವು, ಓಡಲಾರದ ಮೂವರಿಗೆ ಆ ವಾರ ಗೈರು ಬಿತ್ತು. ಒಬ್ಬಳಿಗೆ ಎರಡು ವರ್ಷ ನಾಲ್ಕು ತಿಂಗಳು ಮುಗಿದಿತ್ತು. ಅವಳ ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಆ ದಿನ ಅವಳು ಒಂದೇ ಬೀದಿಯನ್ನು ಮೂರು ಸಲ ಗುಡಿಸಿದಳು.

ದಾರಿ ತೋರಿಸಿದ್ದು ಹುಲಿಗೆವ್ವ, ಅದೂ ಗೊತ್ತಿಲ್ಲದೆ. ಒಂದು ಬೆಳಗು ಏರಿನ ಬುಡದಲ್ಲಿ ಕೇಳಿದಳು: “ಇಷ್ಟು ಗೇರಿನ್ಯಾಗ ಭಾಳ ಗಟ್ಟಿ ಯಾವುದೋ ಮೌಲಾ?”

“ಗಟ್ಟಿ ಅಂದ್ರ ರಿವರ್ಸ್ ಅಕ್ಕಾ. ಒಂದನೇದಕ್ಕಿಂತ ನಿಧಾನ, ಒಂದನೇದಕ್ಕಿಂತ ಜಾಸ್ತಿ ಎಳೀತೈತಿ.”

“ಮತ್ತ ಅದನ್ನ ಹಾಕು.”

“ಅದು ಹಿಂದಕ್ಕ ಹೋಗೂದು, ಅಕ್ಕಾ!”

“ಹಿಂದಕ್ಕ ಹೋದ್ರ ಮ್ಯಾಲ ಹೋಗಂಗಿಲ್ಲನು? ಗಾಡಿ ಮಕಾ ಆ ಕಡಿಗೆ ಮಾಡು.”

ಮೌಲಾಸಾಬ ಅವಳನ್ನು ನೋಡಿದ. ಆಮೇಲೆ ವ್ಯಾನನ್ನು ತಿರುಗಿಸಿದ, ರಿವರ್ಸ್ ಹಾಕಿದ. ವ್ಯಾನು ಹದಿನೆಂಟು ಮಂದಿಯನ್ನೂ ಹೊತ್ತು, ಬೆನ್ನು ಮುಂದೆ ಮಾಡಿಕೊಂಡು, ಇರುವೆಯ ಹಾಗೆ ಕೋಟೆದಿಬ್ಬವನ್ನು ಏರತೊಡಗಿತು.

ಆ ಏರುವಿಕೆಯನ್ನು ನಾನು ಈಗಲೂ ಕಣ್ಣು ಮುಚ್ಚಿ ಕಾಣಬಲ್ಲೆ. ಹಿಂದಿನ ಬಾಗಿಲು ತೆರೆದು, ಒಂದು ಕೈಯಲ್ಲಿ ಸರಳು ಹಿಡಿದು, ನಾನು ಹೊರಕ್ಕೆ ಬಾಗಿ ನಿಲ್ಲುತ್ತಿದ್ದೆ. “ಎಡಕ್ಕ ಅಣ್ಣ... ಇನ್ನೂ ಎಡಕ್ಕ... ಸೀದಾ... ಎಮ್ಮಿ ಬಂತು, ನಿಂದ್ರಸು!” ಎಂದು ಕೂಗುವುದು ನನ್ನ ಕೆಲಸ. ವ್ಯಾನಿನ ಮೂತಿ ಕೆಳಗಿನ ಊರಿನ ಕಡೆಗೆ ಇರುತ್ತಿತ್ತು. ಬಯಲಿನಲ್ಲಿ ಮರದ ನೆತ್ತಿಗೆ ಬೀಳುತ್ತಿದ್ದ ಅದೇ ಬೆಳಕು ಈಗ ಕೆಳಗೆ ಹರಡಿ, ದೂರದ ನಮ್ಮ ಕೇರಿಯ ತಗಡಿನ ಸೂರುಗಳ ಮೇಲೆ ಮಿನುಗುತ್ತಿದೆಯೇನೋ ಅನ್ನಿಸುತ್ತಿತ್ತು. ಊರೆಲ್ಲ ನಮ್ಮಿಂದ ಮೆಲ್ಲಗೆ ದೂರ ಸರಿಯುತ್ತಿತ್ತು. ನಾವು ಹೋಗುವ ಕಡೆ ನೋಡುವ ಗೊಡವೆ ನನ್ನೊಬ್ಬಳದು. ಉಳಿದವರೆಲ್ಲ ಬಂದ ಕಡೆಯನ್ನೇ ನೋಡುತ್ತ, ಅಗೋ ನಮ್ಮ ಮನಿ, ಅಗೋ ನಿನ್ನ ಗಂಡ ಒಲಿ ಹಚ್ಯಾನ, ಎಂದು ಬೆರಳು ತೋರಿಸುತ್ತಿದ್ದರು.

ಸಂಜೆ ಮರಳುವಾಗ ಬಯಲು ರಸ್ತೆಯಲ್ಲಿ ನಾನು ಓದುತ್ತಿದ್ದೆ. ಎಂಜಿನ್ನಿನ ಸದ್ದು ಕಮ್ಮಿಯಾದದ್ದರಿಂದ ಹುಟ್ಟಿದ ರೂಢಿ ಅದು. ಟೇಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಸೇರುತ್ತಿದ್ದ ಓದುಗರ ಬಳಗಕ್ಕೆ ನಾನು ಹೋಗುತ್ತಿದ್ದೆ. ಯಾವ ಕಾಗದವನ್ನಾದರೂ ಎರಡು ಸಲ ಓದಬೇಕು, ಎರಡನೆಯ ಸಲ ಇದನ್ನು ಬರೆದವನು ಯಾರ ಮನೆಯ ಜಗಲಿಯಲ್ಲಿ ಕೂತು ಬರೆದ ಎಂದು ಕೇಳಿಕೊಂಡು ಓದಬೇಕು ಎಂದು ಅಲ್ಲಿ ಕಲಿತಿದ್ದೆ. ಮಿರ್ಚಿ ಕಟ್ಟಿದ ಪತ್ರಿಕೆಯ ಚೂರು, ಬಳಗದ ಕರಪತ್ರ, ಗೋಡೆಯಿಂದ ಕಿತ್ತ ಟೆಂಡರ್ ನೋಟೀಸು, ಸಿಕ್ಕಿದ್ದನ್ನು ವ್ಯಾನಿನಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಓದಿದ್ದಕ್ಕಿಂತ ಜಗಳವೇ ಹೆಚ್ಚು. “ಆ ಮಂತ್ರಿ ಹಂಗ ಅಂದ್ನಾ? ಇನ್ನೊಮ್ಮೆ ಓದು, ನೀನಾ ಸೇರಿಸಿ ಓದಾಕತ್ತೀಯೇನ?” ಎಂದು ಗಾಳೆವ್ವ ತಕರಾರು ತೆಗೆಯುತ್ತಿದ್ದಳು. ಹುಲಿಗೆವ್ವ ಮಾತ್ರ ಒಂದೇ ಕಾಗದ ಕೇಳುತ್ತಿದ್ದಳು, ಖಾಯಂ ಆದೇಶದ್ದು. ಅದನ್ನು ಎಷ್ಟು ಸಲ ಓದಿದೆನೋ. ‘ಯಾವುದೇ ವಿರಾಮವಿಲ್ಲದೆ’ ಎಂಬಲ್ಲಿಗೆ ಬಂದಾಗ ಅವಳೂ ನನ್ನೊಡನೆ ಬಾಯಿಪಾಠ ಹೇಳುತ್ತಿದ್ದಳು. ಬದುಕಿನಲ್ಲಿ ನಾನು ಎಷ್ಟೋ ಸಭೆಗಳಲ್ಲಿ ಓದಿದ್ದೇನೆ. ಆ ಹದಿನೇಳು ಜನರಂತೆ ಕೇಳಿದವರು ಮತ್ತೆ ಸಿಗಲಿಲ್ಲ.

ಬೆನ್ನು ಮುಂದಾಗಿ ಏರುವ ವ್ಯಾನು ಊರಿಗೆ ನೋಟವಾಯಿತು. ದಿಬ್ಬದ ಮನೆಯವರು ಚಹಾ ಬಸಿ ಹಿಡಿದು ಕಟ್ಟೆಗೆ ಬಂದು ಕೂರತೊಡಗಿದರು. ಏಕೆ ಹೀಗೆ ಎಂದು ಕೇಳಿದವರಿಗೆಲ್ಲ ಮೌಲಾಸಾಬ, “ಎಂಜಿನ್ ಬದಲಾಗೈತ್ರಿ, ಮುಂದಕ್ಕ ಏರಂಗಿಲ್ರಿ,” ಎಂದಷ್ಟೇ ಹೇಳುತ್ತಿದ್ದ. ಅಷ್ಟೇ ಸಾಕಾಯಿತು. ಯಾಕೆ ಬದಲಾಯಿತು, ಯಾರು ಬದಲಾಯಿಸಿದರು, ಹಳೆಯದೆಲ್ಲಿ ಎಂದು ಚಹಾದಂಗಡಿಗಳಲ್ಲಿ ಕೇಳತೊಡಗಿದರು. ದಫೇದಾರನಿಗೆ ಅದು ನುಂಗಲಾರದ ತುತ್ತಾಯಿತು. “ಪುರಸಭೆ ಅಧ್ಯಕ್ಷರ ಮನಿ ಮುಂದ ದಿನಾ ಕುಂಡಿ ತೋರಿಸ್ಕೊಂತ ಬರ್ತೀಯಲ್ಲೋ, ಮರ್ಯಾದಿ ಐತೇನ ನಿನಗ?” ಎಂದು ಬೈದ.

“ಗಾಡೀದ್ರಿ ಅದು, ನಂದಲ್ರಿ,” ಎಂದ ಮೌಲಾಸಾಬ.

ಹಳೆಯದು ಎಲ್ಲಿದೆ ಎಂಬುದು ಒಂದು ಸಂಜೆ ತಿಳಿಯಿತು. ಕೆಲಸ ಮುಗಿಸಿ ಇಳಿದು ಬರುವಾಗ, ತಿರುವಿನಲ್ಲಿದ್ದ ಎಣ್ಣೆ ಮಿಲ್ಲಿನ ಮುಂದೆ ದನಗಳು ಅಡ್ಡ ನಿಂತಿದ್ದವು. ಮಿಲ್ಲು ಅಧ್ಯಕ್ಷರ ಅಳಿಯನದು. ಮೌಲಾಸಾಬ ಎಂಜಿನ್ ಆರಿಸಿದ. ಕರೆಂಟು ಹೋಗಿತ್ತು, ಆದರೂ ಒಳಗೆ ಗಾಣ ತಿರುಗುತ್ತಿತ್ತು. ಗೋಡೆಯಾಚೆಯಿಂದ ದಡದಡ ಸದ್ದು. ಮೂರು ಬಡಿತ, ಒಂದು ಸಣ್ಣ ತಡೆ, ಮತ್ತೆ ಮೂರು ಬಡಿತ. ಹುಲಿಗೆವ್ವನ ಕೈ ತನ್ನಷ್ಟಕ್ಕೇ ಮಂಡಿಗೆ ಹೋಯಿತು. ಮೌಲಾಸಾಬ ಸ್ಟೇರಿಂಗಿನ ಮೇಲೆ ಹಣೆ ಇಟ್ಟ.

“ಕೇಳಿದ್ಯಾ?” ಎಂದಳು ಅವಳು.

“ಕೇಳಿದ್ನಿ ಅಕ್ಕಾ.”

“ಚಂದ ಇಟ್ಟಾರ. ಎಣ್ಣಿ ಗಿಣ್ಣಿ ಬಿಡ್ತಾರ ಕಾಣ್ತೈತಿ. ನಮ್ಮ ಕೂಡ ಇದ್ದಾಗ ಇಷ್ಟು ಚೊಲೋ ಉಸಿರಾಡ್ತಿದ್ದಿಲ್ಲ.” ತಾಯಿ ತನ್ನ ಮಗುವನ್ನು ಉಳ್ಳವರ ಮನೆಯ ತೊಟ್ಟಿಲಲ್ಲಿ ಕಂಡಂತಿತ್ತು ಅವಳ ದನಿ. ಆಮೇಲೆ ನನ್ನ ಕಡೆ ತಿರುಗಿದಳು. “ಓದಿದ್ದು ಸಾಕು ಮಗಳ. ಇನ್ನ ಒಂದೀಟು ಬರಿ.”

ಬರೆದೆ. ಬಳಗದವರು ತಿದ್ದಿದರು. ಜಿಲ್ಲೆಯ ಮೇಲಧಿಕಾರಿಗಳ ಕಚೇರಿಗೆ ಹೋದ ಆ ಅರ್ಜಿಯಲ್ಲಿ ಎರಡೇ ಮಾತು: ನಮ್ಮ ವ್ಯಾನಿನ ಎಂಜಿನ್ ಎಣ್ಣೆ ಮಿಲ್ಲಿನಲ್ಲಿದೆ; ಬದಲಿಗೆ ಹಾಕಿದ ಎಂಜಿನ್ ನಮ್ಮನ್ನು ಹೊತ್ತು ಮುಂದಕ್ಕೆ ದಿಬ್ಬ ಏರಲಾರದು. ಹದಿನೆಂಟು ಹೆಬ್ಬೆಟ್ಟು, ಸಹಿಗಳು. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. ಕೊನೆಗೆ ಬಂದದ್ದು ಅಧಿಕಾರಿಯೇ, ವಾಹನ ನೋಡಲು. ಆ ದಿನ ಹುಲಿಗೆವ್ವನ ಮೂರು ವರ್ಷದ ಕೊನೆಯ ದಿನವೂ ಆಗಿತ್ತು. ತಗಡಿನಲ್ಲಿ ಅವಳ ತಲೆಯ ಮೇಲಿನ ಜಾಗ ತುಂಬಿ, ಚುಕ್ಕೆಗಳು ಮೌಲಾಸಾಬನ ತಲೆಯ ಮೇಲೂ ಹಬ್ಬಿದ್ದವು.

ದಿಬ್ಬದ ಬುಡದಲ್ಲಿ ದಫೇದಾರ ನಮಗಾಗಿ ಕಾದಿದ್ದ. ಅಂಥ ಮೆತ್ತಗಿನ ದನಿ ಅವನಿಗೆ ಇದೆಯೆಂದು ನಮಗೆ ಗೊತ್ತಿರಲಿಲ್ಲ.

“ಎಲ್ಲಾರೂ ಇಲ್ಲೇ ಇಳೀರವ್ವ. ಮ್ಯಾಲ ಸಾಹೇಬ್ರು ಬಂದು ನಿಂತಾರ. ಖಾಲಿ ಗಾಡಿ ಸೀದಾ ಮಕಾ ಮಾಡಿ ಏರಿ ಹೋಗ್ಲಿ. ನೀವು ಹಿಂದಿನ ಸಂದಿಯಿಂದ ನಿಧಾನಕ್ಕ ಬರ್ರಿ.” ಕಂಕುಳಿನಿಂದ ಹಾಜರಿ ಪಟ್ಟಿ ತೆಗೆದ. “ಇಗಾ, ಇಲ್ಲೇ ಹಾಜರಿ ಬರೀತೀನಿ. ಹದಿನೆಂಟೂ ಮಂದೀದು. ಸೈರನ್ ಆದ್ರೂ ಗೈರು ಇಲ್ಲ. ಹುಲಿಗೆವ್ವಾ, ಇವತ್ತಿಗೆ ನಿಂದು ಮೂರು ವರ್ಷ ಮುಗೀತೈತಿ. ನನಗ ಗೊತ್ತಿಲ್ಲನು? ನಾಳೆ ನೀನು ಖಾಯಂ.”

ಖಾಲಿ ವ್ಯಾನು ಮುಂದಕ್ಕೇ ಏರಿಬಿಡುತ್ತದೆ. ಏರಿದರೆ ನಮ್ಮ ಅರ್ಜಿ ಸುಳ್ಳು. ಅದು ನನಗೆ ಆ ಕ್ಷಣದಲ್ಲೇ ಹೊಳೆದಿತ್ತು. ಅರ್ಜಿ ಬರೆದ ಕೈ ನನ್ನದೇ ಆಗಿತ್ತು.

ಮೊದಲು ಇಳಿದವಳೂ ನಾನೇ. ಹಿಂದಿನ ಬಾಗಿಲಲ್ಲಿ ನಿಂತಿದ್ದವಳು, ಕಾಲು ಕೆಳಗಿಟ್ಟುಬಿಟ್ಟೆ. ಹುಲಿಗೆವ್ವನ ಸಲುವಾಗಿ ಇಳಿದೆ, ಅವಳ ಮೂರು ವರ್ಷ ನೀರಿನಲ್ಲಿ ಹೋಗದಿರಲೆಂದು ಇಳಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಆ ಮಾತನ್ನೂ ಎರಡನೆಯ ಸಲ ಓದಿ ನೋಡುವಷ್ಟು ಧೈರ್ಯ ಬರಲು ವರ್ಷಗಳು ಬೇಕಾದವು. ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಗಾಳೆವ್ವನೂ ಇಳಿದಳು, ನಗದೆ. ಬುಟ್ಟಿಗಳನ್ನು ತಲೆಗೇರಿಸಿಕೊಂಡು ಸಂದಿಯ ಕಡೆಗೆ ನಡೆದೆವು.

ಹಿಂದಿನಿಂದ ದಫೇದಾರನ ದನಿ ಕೇಳಿಸಿತು. “ಇಳಿಯವ್ವಾ ಹುಲಿಗೆವ್ವ. ನೀನಂತೂ ಮ್ಯಾಲ ಕಾಣಾಬಾರದು. ನಿನ್ನ ಬಾಯಿ ಎಂಥಾದ್ದು ಅಂತ ನನಗ ಗೊತ್ತೈತಿ.”

“ಬರದ್ರ್ಯಾ ನನ್ನ ಹಾಜರಿ?” ಎಂದಳು ಅವಳು.

“ಬರದ್ನಿ. ನೋಡು, ಇಲ್ಲೇ ಐತಿ.”

“ಹೊಡದು ಹಾಕ್ರಿ ಅದನ್ನ.”

ನಾವು ನಿಂತೆವು.

“ಏನಂದಿ?”

“ಹೊಡದು ಹಾಕ್ರಿ ಅಂದ್ನಿ. ನಾ ಇನ್ನೂ ಬಂದಿಲ್ಲ. ಬರಲಾರದಾಕಿ ಹೆಸರು ಹೆಂಗ ಬರೀತೀರಿ? ಮ್ಯಾಲ ಹೋಗಿ ನೀವು ಕೂಗ್ರಿ, ನಾ ಓ ಅಂತೀನಿ. ಆಮ್ಯಾಲ ಬರೀರಿ.”

“ಹುಚ್ಚಿ! ಇನ್ನ ಐದು ನಿಮಿಷಕ್ಕ ಸೈರನ್ ಆಗ್ತೈತಿ. ಗೈರು ಬಿದ್ರ ಮೂರು ವರ್ಷ ಹೋತು. ಮತ್ತ ಒಂದರಿಂದ ಎಣಸ್ತಿ. ಅಷ್ಟು ದಿನ ಬದುಕ್ತೀಯೇನ ನೀನು?”

ಅವಳು ತಲೆಯೆತ್ತಿ ತಗಡಿನ ಚುಕ್ಕೆಗಳನ್ನು ನೋಡಿದಳು. ಆ ಲೆಕ್ಕ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

“ಬದುಕಿದ್ರ ಎಣಸ್ತೀನಿ,” ಎಂದಳು. “ಇಲ್ಲಾಂದ್ರ ಇಲ್ಲ. ಹದಿನೆಂಟು ಮಂದಿ ಹೆಬ್ಬೆಟ್ಟು ಒತ್ತೀವಿ, ಈ ಗಾಡಿ ನಮ್ಮನ್ನ ಹೊತ್ತು ಮುಂದಕ್ಕ ಏರಂಗಿಲ್ಲ ಅಂತ. ಏರತೈತೋ ಇಲ್ಲೋ, ಹೊತ್ತಾ ತೋರಸ್ಲಿ ಸಾಹೇಬ್ರಿಗೆ. ಆ ಹದಿನೇಳು ಮಂದೀನ ಕರೀರಿ, ಹತ್ತಲಿ. ನಾ ಇಳಿಯಂಗಿಲ್ಲ.”

“ಮೌಲಾ! ಇಳಿಸೋ ಆಕೀನ.”

ಮೌಲಾಸಾಬ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೇರಕ್ಕೆ ನೋಡುತ್ತ ಕೂತಿದ್ದ. ದಫೇದಾರ ಮುಂದಿನ ಬಾಗಿಲನ್ನು ಪೂರ್ತಿ ತೆರೆದು, ಒಂದು ಬೂಟುಗಾಲನ್ನು ಮೆಟ್ಟಿಲ ಮೇಲಿಟ್ಟು, ಒಳಕ್ಕೆ ಬಾಗಿದ.

ಹುಲಿಗೆವ್ವ ಅವನತ್ತ ನೋಡಲಿಲ್ಲ. ನೋಯುವ ಮಂಡಿಗಳನ್ನು ಒಂದೊಂದಾಗಿ ಎತ್ತಿ ಗೋಣಿಚೀಲದ ಮೇಲೆ ಮಡಚಿಕೊಳ್ಳುವ ಮೊದಲು, ಮನೆಯೊಳಗೆ ಹೋಗುವವಳಂತೆ, ತನ್ನ ಸವೆದ ಚಪ್ಪಲಿಗಳನ್ನು ಕಳಚಿದಳು. ಬಾಗಿ ಅವನ್ನು ಅವನ ಬೂಟಿನ ಪಕ್ಕದಲ್ಲಿ ಜೋಡಿಸಿಟ್ಟಳು.